ರೇಲಿಂಗ್ ಬಿಚ್ಚಿದ ದಿನ

ಹಸಿರು ಬಣ್ಣದ ಉಗುರಿನಷ್ಟು ಚೂರೊಂದು ಹಾರಿ ಬಂದು ಕೆಳತುಟಿಗೆ ಅಂಟಿಕೊಂಡಿತು, ಥೂ ಎಂದು ಉಗುಳಿದರೂ ಹೋಗಲಿಲ್ಲ, ನಾಲಗೆಗೆ ಸುಣ್ಣದ ಒಗರು, ಇದು ಈ ಮನೆ ಕೊಂಡ ವರ್ಷ ಬಳಿಸಿದ ಬಣ್ಣ, ಇದರಡಿ ಒಂದು ಕೆನೆಬಣ್ಣ, ಅದರಡಿ ಹಿಂದಿನ ಮಾಲೀಕರ ಕಾಲದ ನೀಲಿ – ಒಂದರ ಮೇಲೊಂದು ಎಷ್ಟು ಅಂಗಿ ತೊಡಿಸಿದ್ದಾರೆ ಈ ಗೋಡೆಗೆ, ಹೀಗೇ ಕೆರೆಯುತ್ತ ಹೋದರೆ ಕೊನೆಗೆ ಇಟ್ಟಿಗೆಯೇ ಕೈಗೆ ಬಂದೀತು, ಬರಲಿ, ಹಳೆಯದೊಂದೂ ಕಣ್ಣಿಗೆ ಬೀಳದ ಹಾಗೆ ಆಗಲಿ ಎಂದು ತಾನೇ ಅವನು ಈ ಪ್ಯಾಸೇಜು, ಈ ಮೆಟ್ಟಿಲು, ಎರಡನ್ನೂ ಮೈಮೇಲೆ ಹಾಕಿಕೊಂಡದ್ದು. ಮುಂಬಾಗಿಲಿನಿಂದ ಅಡುಗೆಮನೆಯವರೆಗಿನ ಗೋಡೆ ಮುಗಿದಿದೆ, ಹದಿಮೂರು ಮೆಟ್ಟಿಲಿಗೂ ಉಪ್ಪು ಕಾಗದ ತಿಕ್ಕಿ ಆಗಿದೆ, ಮೊದಲು ಒರಟಿನದು, ಆಮೇಲೆ ನಯದ್ದು, ಮರದ ಹೊಟ್ಟು ಮೂಗಿನಲ್ಲಿ, ಕಿವಿಯಲ್ಲಿ, ಕುಡಿಯುವ ನೀರಿನ ಲೋಟದಲ್ಲಿ, ಮೂರು ತಿಂಗಳಿಂದ ಗಂಡ ಹೆಂಡತಿ ಇಬ್ಬರೂ ಹೊಟ್ಟನ್ನೇ ಉಸಿರಾಡುತ್ತಿದ್ದಾರೆ. ಉಳಿದಿರುವುದು ಮೆಟ್ಟಿಲ ಪಕ್ಕದ ಗೋಡೆ. ಅದಕ್ಕೆ ಬಣ್ಣ ಬಳಿಯಬೇಕಾದರೆ ರೇಲಿಂಗ್ ಬಿಚ್ಚಬೇಕು. ಬಿಚ್ಚಬೇಕು, ಇಷ್ಟು ದಿನ ಅದೊಂದನ್ನು ಬಿಟ್ಟು ಊರೆಲ್ಲ ಸುತ್ತಿ ಬಂದದ್ದಾಯಿತು – ಕಿಟಕಿಯ ಚೌಕಟ್ಟು, ಚಪ್ಪಲಿಗೂಡು, ಮೀಟರ್ ಪೆಟ್ಟಿಗೆಯ ಬಾಗಿಲು, ಯಾರೂ ಕಣ್ಣೆತ್ತಿ ನೋಡದ ಮೂಲೆಗಳಿಗೆಲ್ಲ ಪುಟ್ಟಿ ಮೆತ್ತಿದ್ದಾಯಿತು. ಇವತ್ತು ಶನಿವಾರ, ಹೆಂಡತಿ ಗ್ರಂಥಾಲಯಕ್ಕೆ ಹೋಗಿದ್ದಾಳೆ, ಅಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಕೆಲಸ ಅವಳದು, ಒಂದೂವರೆಗೆ ಬಿಡುತ್ತಾರೆ, ಈಗ ಹತ್ತೂಕಾಲು, ಬೇಕಾದಷ್ಟು ಹೊತ್ತಿದೆ, ಆರು ಸ್ಕ್ರೂ ಬಿಚ್ಚಿ, ಚೀಲದಲ್ಲಿ ಕಟ್ಟಿ, ಕಸದ ಗಾಡಿಗೆ ಹಾಕಿ, ಕೈ ತೊಳೆದುಕೊಂಡುಬಿಟ್ಟರೆ ಯಾರಿಗೂ ಏನೂ – ಏಣಿಯ ಮೇಲೆ ಹಲಗೆ, ಹಲಗೆಯ ಮೇಲೆ ಅವನು, ಅರವತ್ತರ ಮಂಡಿ ಲಟಲಟ ಅನ್ನುತ್ತಿದೆ, ಮೊದಲು ಈ ಮೇಲಿನ ಗೋಡೆ ಮುಗಿಸಿಬಿಡೋಣ, ಆಮೇಲೆ ಅದು, ಆಮೇಲೆ.

ಆಮೇಲೆ, ಆಮೇಲೆ, ಬರೋ ಭಾನುವಾರ – ಬರೋ ಭಾನುವಾರ ಅನ್ನೋದು ಯಾವ ತಿಂಗಳಲ್ಲಿ ಬರುತ್ತೆ ಅಳಿಯಂದ್ರೇ, ಎಂದು ಅತ್ತೆ ಕೇಳುತ್ತಿದ್ದರು, ಕನ್ನಡಕದ ಮೇಲಿನಿಂದ ನೋಡುತ್ತ. ಮೂವತ್ತನಾಲ್ಕು ವರ್ಷ ಅವನು ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿದವನು, ತೂಕ ಸರಿಯಿದ್ದರೆ ಸೀಲು ಒತ್ತುವವನು, ಅದಕ್ಕೇ ಅವರು ಅವನಿಗಿಟ್ಟ ಹೆಸರು ಸೀಲಪ್ಪ, ಎದುರಿಗೆ ಅಳಿಯಂದ್ರು, ಬೆನ್ನ ಹಿಂದೆ ಸೀಲಪ್ಪ, ಬೆನ್ನ ಹಿಂದೆ ಅಂದರೂ ಅವನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ, ಬೇಕೆಂದೇ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು, ಬಾಯಿ ಕತ್ತರಿಯೇ, ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳ ಮನೆಗೆ ಬಂದು ಮಹಡಿಯ ಕೋಣೆ ಹಿಡಿದರು, ಕೆಳಗೇ ಇರಿ ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ, ಮೇಲಿದ್ರೆ ನಿಮ್ಮಿಬ್ಬರ ಜಗಳದಲ್ಲಿ ಪಂಚಾಯ್ತಿ ಮಾಡೋದು ತಪ್ಪುತ್ತೆ ಎಂದು ನಕ್ಕರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಇಳಿದು ಬರುವರು, ಪತ್ರಿಕೆಯ ಪದಬಂಧ ಇಬ್ಬರೂ ಸೇರಿ ಬಿಡಿಸಬೇಕು, ಅಡ್ಡಸಾಲು ಅವನದು, ಕೆಳಸಾಲು ಅವರದು, ಅವನ ಪದ ತಪ್ಪಿದರೆ ಇದಕ್ಕೆ ಸೀಲು ಕೊಡಕ್ಕಾಗಲ್ಲ ಅನ್ನುವರು – ತನ್ನ ಸ್ವಂತ ತಾಯಿಯ ಜೊತೆ ಅವನು ಅಷ್ಟು ನಕ್ಕದ್ದಿಲ್ಲ, ಅದು ನಿಜ, ಅದನ್ನು ಯಾರ ಹತ್ತಿರ ಹೇಳಿಕೊಂಡರೂ ಈಗ ಸುಳ್ಳಿನಂತೆ ಕೇಳುತ್ತದೆ. ಊರೋರ ತಕ್ಕಡಿ ಎಲ್ಲ ನೆಟ್ಟಗೆ ನಿಲ್ಲಿಸ್ತೀರಿ, ಮನೆ ರೇಲಿಂಗ್ ಮಾತ್ರ ಕುಡುಕನ ಹಾಗೆ ತೂರಾಡ್ತಿದೆ ಎಂದರು, ಒಂದು ಸಲವಲ್ಲ, ಹತ್ತು ಸಲ. ಪಕ್ಕದ ಮನೆಯ ಬಡಗಿ ಅರ್ಧ ಗಂಟೆ ಕೆಲಸ ಸಾರ್, ನಾನೇ ಹಾಕಿಕೊಡ್ತೀನಿ ಅಂದ, ಇವನಿಗೆ ಸಿಟ್ಟು ಮೂಗಿನ ತುದಿಗೆ ಬಂತು, ನಿವೃತ್ತಿಯಾಗಿ ಎರಡು ತಿಂಗಳು, ಕೈಯಲ್ಲಿ ಹೊಸ ಡ್ರಿಲ್ಲು, ನಮ್ಮನೆ ಕೆಲಸ ನಾವೇ ಮಾಡ್ಕೋತೀವಿ ಬಿಡಪ್ಪ ಎಂದ. ಎಂದನಲ್ಲ, ಆ ನಾಲಗೆ.

ಆಮೇಲೊಂದು ಗುರುವಾರ, ಹೆಂಡತಿಗೆ ರಜೆಯ ದಿನ, ಬಿಚ್ಚಿಯೇಬಿಟ್ಟ. ಗೋಡೆಗೆ ಮೂರು ಕಬ್ಬಿಣದ ಹಿಡಿಕೆ, ಒಂದೊಂದಕ್ಕೆ ಎರಡು ಸ್ಕ್ರೂ, ಹಿಡಿಕೆಗಳ ಮೇಲೆ ಉದ್ದಕ್ಕೆ ಕೂತ ಮರ, ಗೋಡೆಯೊಳಗಿನ ಮರದ ಬೆಣೆಗಳು ಪುಡಿಪುಡಿಯಾಗಿದ್ದವು, ಹಳೆಯ ಸ್ಕ್ರೂ ಹಿಡಿಯುವಂತಿರಲಿಲ್ಲ, ಉದ್ದದ್ದು ಬೇಕು, ಬೆಣೆಯೂ ಬೇಕು, ಸರಿ, ಸದ್ಯಕ್ಕೆ ಎಂದುಕೊಂಡು ಮೇಲಿನ ಎರಡು ಹಿಡಿಕೆಗೆ ಒಂದೊಂದು ಸ್ಕ್ರೂ ಸಿಕ್ಕಿಸಿದ, ಕೆಳಗಿನದನ್ನು ಸುಮ್ಮನೆ ಗೋಡೆಗೆ ಆನಿಸಿದ, ದೂರ ನಿಂತು ನೋಡಿದರೆ ಭದ್ರವಾಗಿರುವಂತೆಯೇ ಕಾಣುತ್ತಿತ್ತು, ಯಾಕೆ ಹಾಗೆ ಆನಿಸಿದ, ನೆಲದ ಮೇಲೆ ಬಿಟ್ಟಿದ್ದರೆ, ಒಂದು ಹಗ್ಗ ಅಡ್ಡ ಕಟ್ಟಿದ್ದರೆ, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಒಂದು ಮಾತು ಕೂಗಿ ಹೇಳಿದ್ದರೆ – ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ, ಹೇಳುವುದೇನು ಅಂತ. ಮೂಲೆಯ ಹಾರ್ಡ್‌ವೇರ್ ಅಂಗಡಿಯವನು ಹಳೆಯ ಪರಿಚಯ, ಸಾಹೇಬ್ರೇ ಕೂತ್ಕೊಳ್ಳಿ ಎಂದು ಸ್ಟೂಲು ಸರಿಸಿದ, ಕಾಫಿ ತರಿಸಿದ, ಕೆಲಸ ಬಿಟ್ಟ ಮೇಲೆ ಅವನನ್ನು ಸಾಹೇಬ್ರೇ ಅಂದವರು ಯಾರೂ ಇರಲಿಲ್ಲ, ಕೂತ, ಮುಕ್ಕಾಲು ಗಂಟೆ ಕೂತ. ತಿರುಗಿ ಬಂದರೆ ಮುಂಬಾಗಿಲು ಹಾರು ಹೊಡೆದಿದೆ, ಎದುರುಮನೆಯಾಕೆ ಗೇಟಿನಲ್ಲಿ ನಿಂತು, ನಿಮ್ಮತ್ತೆ ಬಿದ್ಬಿಟ್ರು, ಬಡಗಿ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡೋದ್ರು, ಹೋಗಿ, ನೀವೂ ಹೋಗಿ ಎಂದಳು. ಹೂಂ ಎಂದ. ಒಳಗೆ ಬಂದ. ರೇಲಿಂಗ್ ಮೇಲಿನ ಒಂದೇ ಒಂದು ಸ್ಕ್ರೂವಿಗೆ ಜೋತುಬಿದ್ದು ಮೆಟ್ಟಿಲಿಗೆ ಅಡ್ಡ ಬಂದಿತ್ತು, ಕೆಳಗೆ ನೆಲದ ಮೇಲೆ ಕನ್ನಡಕದ ಒಂದು ಕಾಲು. ಬಾಗಿಲು ಹಾಕಿದ. ಚಿಲಕ ಹಾಕಿದ. ಆಮೇಲೆ ಅವನು ಮಾಡಿದ್ದನ್ನು ಮಾಡಿದ್ದು ಅವನಲ್ಲ, ಕೈ, ಕೈಗೆ ಕೆಲಸ ಗೊತ್ತಿತ್ತು, ಬೆಣೆ ಬಡಿಯಿತು, ಹಿಡಿಕೆ ಕೂರಿಸಿತು, ಉದ್ದದ ಸ್ಕ್ರೂ ಒಂದು, ಎರಡು, ಮೂರು, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಹೆಂಡತಿಯದೇ ಎಂದು ನೋಡದೆಯೇ ಗೊತ್ತಿತ್ತು, ನಾಲ್ಕು, ನಿಂತಿತು, ಮತ್ತೆ ಬಡಿದುಕೊಂಡಿತು, ಐದು, ಆರನೆಯದು ಪೂರ್ತಿ ಕೂರುವವರೆಗೂ ಅವನು ಫೋನು ಎತ್ತಲಿಲ್ಲ. ಉದುರಿದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿದ. ಗುಡಿಸಿದ! ಯಾರು ಗುಡಿಸುತ್ತಾರೆ ಆ ಹೊತ್ತಿನಲ್ಲಿ.

ಅವನು ಆಸ್ಪತ್ರೆ ಮುಟ್ಟುವ ಹತ್ತು ನಿಮಿಷ ಮೊದಲು ಅತ್ತೆ ಹೋಗಿದ್ದರು. ತಲೆಯೊಳಗೆ ರಕ್ತ ಎಂದರು ಡಾಕ್ಟರು, ನಡುವೆ ಸ್ವಲ್ಪ ಹೊತ್ತು ಎಚ್ಚರ ಇತ್ತಂತೆ. ನಿಮ್ಮನ್ನೇ ಕೇಳ್ತಿದ್ಲು, ಅಳಿಯಂದ್ರು ಬಂದ್ರಾ ಅಂತ, ಅಳಿಯಂದ್ರಿಗೆ ಹೇಳು, ಬಿಟ್ಕೊಂಡ್ಬಿಡ್ತು ಅಂತ ಹೇಳು ಅಂದ್ಲು, ಏನು ಬಿಟ್ಕೊಂಡಿದ್ದು ಅಮ್ಮ ಅಂದ್ರೆ ಮಾತು ನಿಂತೋಯ್ತು, ಎಂದು ಹೆಂಡತಿ ಅವನ ತೋಳಿಗೆ ತಲೆ ಒತ್ತಿ ಅತ್ತಳು, ಅಳುವವಳ ಬೆನ್ನು ಸವರಿದ್ದು ಅದೇ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಗೋಡೆಯ ಪುಡಿ. ನಾಲ್ಕನೆಯ ದಿನ, ಬಂದವರೆಲ್ಲ ಹೋದ ಮೇಲೆ, ಅವಳು ಎದ್ದು ನೇರ ಮೆಟ್ಟಿಲ ಹತ್ತಿರ ಬಂದಳು, ಅಮ್ಮ ಹೇಳಿದ್ದು ಇದಾ, ಅವತ್ತು ಅಮ್ಮನ ಮುಖ ಬಿಟ್ಟು ನಂಗೇನೂ ಕಾಣ್ಲಿಲ್ಲ, ಎಂದು ಎರಡೂ ಕೈಯಲ್ಲಿ ರೇಲಿಂಗ್ ಹಿಡಿದು ಅಲ್ಲಾಡಿಸಿದಳು, ಬಲ ಹಾಕಿ, ಕಾಲು ಊರಿ, ಮೈಯೆಲ್ಲ ಹಾಕಿ ಎಳೆದಳು, ಅದು ಬಂಡೆಯ ಹಾಗೆ ನಿಂತಿತ್ತು, ಅವನು ಅವಳ ಪಕ್ಕದಲ್ಲೇ ನಿಂತಿದ್ದ, ಈಗ ಹೇಳು, ಈಗ, ಈಗ – ಇದೇನೂ ಬಿಟ್ಟಿಲ್ಲವಲ್ಲ ಎಂದಳು, ಇಲ್ಲ ಎಂದ. ಅಷ್ಟೇ, ಒಂದು ಇಲ್ಲ. ಅವಳು ಅಲ್ಲೇ ಮೊದಲ ಮೆಟ್ಟಿಲ ಮೇಲೆ ಕುಸಿದಳು, ಹಂಗಾದ್ರೆ ನಾನೇ, ಚಿಕ್ಕಮ್ಮನ ಫೋನು ಬಂದಿತ್ತು, ಬೇಗ ಬಾರಮ್ಮ ಕಟ್ಟಾಗುತ್ತೆ ಅಂತ ಕೂಗಿದೆ, ನಾನು ಬೇಗ ಅನ್ನದೇ ಇದ್ದಿದ್ರೆ ನಿಧಾನವಾಗಿ ಇಳೀತಿದ್ಲು. ಅವತ್ತಿನಿಂದ ಎಂಟು ತಿಂಗಳು ಅವಳ ಬಾಯಲ್ಲಿ ಬೇಗ ಎಂಬ ಮಾತು ಬಂದಿಲ್ಲ, ಹಾಲು ಉಕ್ಕುತ್ತಿದ್ದರೂ ನಡೆದೇ ಬರುತ್ತಾಳೆ, ಬಸ್ಸು ಹೊರಟರೆ ಹೋಗಲಿ ಬಿಡಿ ಅನ್ನುತ್ತಾಳೆ, ಮಹಡಿ ಹತ್ತಿಲ್ಲ, ಅಮ್ಮನ ಕೋಣೆಯ ಬಾಗಿಲು ತೆರೆದಿಲ್ಲ, ಎರಡು ಸಲ ನಿದ್ದೆಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತದ್ದನ್ನು ಅವನೇ ಕಣ್ಣಾರೆ ನೋಡಿದ್ದಾನೆ, ನೋಡಿಯೂ ಬಾಯಿಗೆ ಬೀಗ. ಬಡಗಿಗೆ ಗೊತ್ತು. ಅತ್ತೆಯನ್ನು ಎತ್ತಿಕೊಂಡವನು ಅವನು, ಕಣ್ಣಿದ್ದವನು, ಹೋದ ತಿಂಗಳು ಮೆಟ್ಟಿಲ ಅಳತೆಗೆ ಬಂದಾಗ ರೇಲಿಂಗ್ ಮೇಲೆ ಹೆಬ್ಬೆರಳು ಆಡಿಸಿ, ಗಟ್ಟಿಯಾಗಿದೆ ಈಗ, ಎಂದ. ಈಗ. ಆ ಎರಡಕ್ಷರ ಅಂದಿನಿಂದ ಹಲ್ಲಿನ ಸಂದಿಯ ನಾರಿನ ಹಾಗೆ. ಅವನು ಕಣ್ಣಾರೆ ನೋಡದೇ ಇರುವುದು ಒಂದೇ, ಅತ್ತೆಯ ಕೈ, ಹೊಲಿದು ಹೊಲಿದು ತೋರುಬೆರಳ ತುದಿ ಗಟ್ಟಿಯಾದ ಆ ಕೈ ರೇಲಿಂಗ್ ಮೇಲೆ ಬೀಳುವುದು, ನಂಬಿ ಭಾರ ಬಿಡುವುದು, ಮರ ಗೋಡೆಯಿಂದ ಈಚೆ ಬರುವುದು – ನೋಡಿಲ್ಲ, ಆದರೂ ಹಲ್ಲುಜ್ಜುವಾಗ, ಬಣ್ಣ ಕಲಸುವಾಗ, ಅನ್ನ ಕಲಸುವಾಗ, ಆ ಕೈ.

ಬಾಗಿಲು ತೆರೆದ ಸದ್ದು. ಹನ್ನೊಂದೂ ಆಗಿಲ್ಲ. ಕರೆಂಟಿಲ್ಲ ಅಂತ ಕಳಿಸಿಬಿಟ್ರು, ಎನ್ನುತ್ತ ಹೆಂಡತಿ ಒಳಗೆ ಬಂದವಳು ಚೀಲ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಅವನನ್ನು ನೋಡಿದಳು, ಒಬ್ಬರೇ ಎಷ್ಟು ಅಂತ ಒದ್ದಾಡ್ತೀರಿ, ಕೊಡಿ, ನಾನೂ ಒಂದು ಕೈ ಹಾಕ್ತೀನಿ. ಆ ನಾಲ್ಕನೆಯ ದಿನದ ಮೇಲೆ, ಈ ಎಂಟು ತಿಂಗಳಲ್ಲಿ, ಅವಳು ಈ ಮೆಟ್ಟಿಲ ಹತ್ತಿರ ಸುಳಿದದ್ದು ಇದೇ ಮೊದಲು, ಮುಖದಲ್ಲಿ ಏನೋ ಒಂದು ಹಗುರ, ಬದುಕಬೇಕು ಎಂದು ದಾರಿಯಲ್ಲಿ ತೀರ್ಮಾನಿಸಿಕೊಂಡು ಬಂದವಳ ಹಾಗೆ, ಬೇಡ ಎನ್ನುವುದು ಹೇಗೆ, ಅವನ ಎರಡೂ ಕೈಯಲ್ಲಿ ಪುಟ್ಟಿ, ಹಲಗೆಯಿಂದ ಇಳಿಯುವುದರೊಳಗೆ ಅವಳು ಸ್ಕ್ರೂ ಡ್ರೈವರ್ ತೆಗೆದುಕೊಂಡು ಕೆಳಗಿನ ಹಿಡಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಇರು, ಅದು ನಾನು ಮಾಡ್ತೀನಿ ಎಂದ. ಅಷ್ಟೂ ಬರಲ್ವಾ ನಂಗೆ ಎಂದಳು, ದಿನವೂ ಸೂಜಿ, ಉಳಿ ಹಿಡಿಯುವ ಕೈ, ತಿರುಗಿಸಿದಳು, ಅವನು ಬಿಗಿದದ್ದು ಅಷ್ಟು ಸುಲಭಕ್ಕೆ ಬರಲಿಲ್ಲ, ಉಸಿರು ಬಿಗಿಹಿಡಿದು ತಿರುಗಿಸಿದಳು, ಬಂತು, ಇನ್ನೊಂದು, ನಡುವಿನ ಎರಡು, ಅವನು ಇಳಿದು ಬಂದು ಮರದ ಭಾರ ಹೆಗಲಿಗೆ ಕೊಟ್ಟ, ಮೇಲಿನ ಎರಡು, ಮರ ಬಿಡಿಸಿಕೊಂಡಿತು, ಗೋಡೆಯ ಬುಡಕ್ಕೆ ಮಲಗಿಸಿದರು. ಅವಳು ಅಂಗೈಯಲ್ಲಿ ಆರನ್ನೂ ಹರಡಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿಕೆಗೆ ಮೂರು ಕೋಟು ಬಣ್ಣ, ಸ್ಕ್ರೂ ತಲೆಗೆ ಒಂದು ಹನಿ ಬಣ್ಣವಿಲ್ಲ, ಹೊಳೆಯುತ್ತಿವೆ – ಅವನೇ ಹೇಳಿಕೊಟ್ಟದ್ದು, ಎಷ್ಟು ವರ್ಷ ಊಟದ ಹೊತ್ತಿನಲ್ಲಿ ಅವಳಿಗೂ ಅತ್ತೆಗೂ ಕೊಚ್ಚಿಕೊಂಡದ್ದು, ತಕ್ಕಡಿ ಬಿಚ್ಚಿ ಮೋಸ ಮಾಡಿದವನನ್ನು ಹಿಡಿಯೋಕೆ ತೂಕ ಹಾಕಬೇಕಾಗಿಲ್ಲ, ಸ್ಕ್ರೂ ತಲೆ ನೋಡಿದ್ರೆ ಸಾಕು, ಬಣ್ಣ ಆದ್ಮೇಲೆ ಯಾರು ಕೈ ಹಾಕಿದ್ರೂ ಅದು ಹೇಳುತ್ತೆ ಅಂತ. ಇವು ಹೊಸವು, ಎಂದಳು. ಅವನ ಹತ್ತಿರ ಸುಳ್ಳು ಸಿದ್ಧವಿತ್ತು, ಹೋದ ತಿಂಗಳು ಬದಲಾಯಿಸಿದೆ, ಮೂರೇ ಪದ, ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿ ಹೇಳಿ ನುಣುಪಾದ ಸುಳ್ಳು, ಕೈಯ ಪುಟ್ಟಿಯನ್ನು ಬಟ್ಟೆಗೆ ಒರೆಸಿಕೊಂಡ. ಅವತ್ತು ನೀವು ಅಂಗಡಿಗೆ ಹೋಗಿದ್ದು ಸ್ಕ್ರೂ ತರೋಕೆ, ಎಂದಳು, ಹೂಂ ಎಂದ. ಆಸ್ಪತ್ರೆಗೆ ಬರೋಕೆ ಮುಂಚೆ ಹಾಕಿದ್ರಾ, ಆಮೇಲೆ ಹಾಕಿದ್ರಾ. ಕಿಟಕಿಯಾಚೆ ಯಾರೋ ಸೈಕಲ್ಲು ನಿಲ್ಲಿಸಿದರು, ಹೋದರು. ಮುಂಚೆ, ಎಂದ. ಅವಳು ಕೂಗಿದ್ದರೆ ಚೆನ್ನಾಗಿತ್ತು, ಆ ಪೊರಕೆಯನ್ನಾದರೂ ತೆಗೆದು ಹೊಡೆದಿದ್ದರೆ. ನಾನು ಹಿಡಿದು ಅಲ್ಲಾಡಿಸಿದಾಗ ನೀವು ಪಕ್ಕದಲ್ಲೇ ನಿಂತಿದ್ರಿ, ಎಂದಳು, ಕೇಳಿದ್ದಲ್ಲ, ತನಗೇ ಹೇಳಿಕೊಂಡದ್ದು, ಪುಸ್ತಕದ ಕಳೆದುಹೋದ ಪುಟ ಸಿಕ್ಕಿದಾಗ ಸಂಖ್ಯೆ ಓದುವ ಹಾಗೆ. ಸ್ಕ್ರೂಗಳನ್ನು ಒಂದೊಂದಾಗಿ ಮೊದಲ ಮೆಟ್ಟಿಲ ಮೇಲಿಟ್ಟಳು. ಅವನನ್ನು ದಾಟಿ ಹತ್ತತೊಡಗಿದಳು, ಒಂದು, ಎರಡು, ಅಮ್ಮನ ಕೋಣೆಗೆ, ಮೂರು, ಮೆಟ್ಟಿಲು ತಿಕ್ಕಿ ತಿಕ್ಕಿ ಜಾರುವಷ್ಟು ನುಣ್ಣಗಾಗಿದೆ, ಗೋಡೆ ಹಿಡ್ಕೋ ಎನ್ನಬೇಕು, ಆ ಮಾತಿಗೆ ಈಗ ಅವನ ಬಾಯಲ್ಲಿ ಜಾಗವಿಲ್ಲ, ನಾಲ್ಕು, ಐದು, ಅಲ್ಲಿ ಅವಳ ಕಾಲು ಸ್ವಲ್ಪ ತಡವರಿಸಿತು, ಅಭ್ಯಾಸದ ಬಲದಿಂದ ಕೈ ಪಕ್ಕಕ್ಕೆ ಹೋಯಿತು, ಗೋಡೆಯಲ್ಲಿ ಎರಡು ತೂತು ಬಿಟ್ಟರೆ ಏನೂ ಇಲ್ಲ, ಕೈ ಅಲ್ಲೇ ನಿಂತಿದೆ, ಗಾಳಿಯಲ್ಲಿ, ಬೆರಳು ಬಿಚ್ಚಿಕೊಂಡು, ಹಿಡಿಯಲು ಹೋಗಿ ಹಿಡಿಯದ ಕೈ, ತಾಯಿಯದೇ ಗೆಣ್ಣು, ತಾಯಿಯದೇ ಬೆರಳು, ಆ ಕೈ –