ಇಬ್ಬರನ್ನು ಕೊಟ್ಟು ಒಬ್ಬನನ್ನು ತಂದದ್ದು

ಜಪಾನಿನ ಹಮಾಮತ್ಸುವಿನಲ್ಲಿ ಪಂದ್ಯ ಮುಗಿದಾಗ ಭೀಮಸೇನನ ತಂಡ ನಾಲ್ಕು-ಒಂದರಿಂದ ಸೋತಿತ್ತು. ಎದುರಾಳಿಯ ನಾಲ್ಕರಲ್ಲಿ ಮೂರು ಗೋಲು ಧನುಷ್‌ನವು. ಎರಡು ವರ್ಷದ ಹಿಂದೆ ಅವನು ಭೀಮಸೇನನದೇ ಹುಡುಗ.

ವಾಹನದ ಬಿಡಿಭಾಗ ಮಾಡುವ ಅವರ ಕಂಪನಿಗೆ ಕನಗಾವಾದಲ್ಲೊಂದು, ಇಲ್ಲೊಂದು ಕಾರ್ಖಾನೆ. ಎರಡು ಕಡೆಯೂ ಕರ್ನಾಟಕದ ಎಂಜಿನಿಯರುಗಳಿದ್ದರು. ಹಾಗಾಗಿ ಹಾಕಿ ತಂಡಗಳೂ ಎರಡಾಗಿದ್ದವು. ಬೆಟಗೇರಿಯಲ್ಲಿ ಸ್ಟಿಕ್ ಹಿಡಿದೇ ಬೆಳೆದ ಭೀಮಸೇನ ಕನಗಾವಾದವರ ಕೋಚ್. 2020ರ ಫೆಬ್ರವರಿಯಲ್ಲಿ, ಏಪ್ರಿಲ್‌ನ ಕಪ್ ಗೆಲ್ಲಲೇಬೇಕೆಂಬ ಹಟದಿಂದ ಅವನು ಧನುಷ್, ಅನೂಪ್ ಇಬ್ಬರನ್ನೂ ಇಲ್ಲಿಗೆ ವರ್ಗ ಮಾಡಿಸಿದ್ದ. ಬದಲಿಗೆ, ಹಿಂದೆ ರಾಜ್ಯ ತಂಡಕ್ಕೆ ಆಡಿದ್ದ ಮುಕುಂದನನ್ನು ಕರೆಸಿಕೊಂಡಿದ್ದ. ಹುಡುಗರು ಇನ್ನೂ ಎಳಸು, ಪಳಗಲು ಸಮಯ ಬೇಕು ಎಂದುಕೊಂಡಿದ್ದ. ಆಗ ಎಲ್ಲರೂ ಬೆನ್ನು ತಟ್ಟಿದ್ದರು.

ಆ ಕಪ್ ನಡೆಯಲೇ ಇಲ್ಲ. ಕೊರೊನಾ ಬಂತು, ಮೈದಾನಕ್ಕೆ ಬೀಗ ಬಿತ್ತು. ಮುಕುಂದನ ಮೈಯಲ್ಲಿ ಉಳಿದಿದ್ದ ಒಳ್ಳೆಯ ಆಟವೆಲ್ಲ ಮನೆಯೊಳಗೇ ಕಳೆದುಹೋಯಿತು. ಇವತ್ತು ಅವನಿಗೆ ಕನಗಾವಾ ಪರ ಮೊದಲ ಪಂದ್ಯ. ಅರ್ಧ ಹೊತ್ತಿಗೇ ಏದುಸಿರು.

"ತಪ್ಪು ತಿಳ್ಕೋಬೇಡಿ ಸರ್," ಎಂದ ಕ್ಯಾಪ್ಟನ್ ಲಿಂಗರಾಜು, "ಫ್ಯೂಚರ್ ಇದ್ದ ಇಬ್ರನ್ನ ಕೊಟ್ಟು ರಿಟೈರ್ ಆಗೋರನ್ನ ತಂದ್ವಿ. ವರ್ಸ್ಟ್ ಡೀಲ್."

ಮುಕುಂದ ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದ. "ನಿಜಾನೇ ಹೇಳ್ತಿದಾನೆ ಬಿಡಿ ಸರ್," ಎಂದ, ತಲೆ ಎತ್ತದೆ.

ಮುಕುಂದ ಬಂದ ದಿನ ಸ್ವೀಟ್ ಹಂಚಿದವನು ನೀನೇ ಅಲ್ಲವೇನೋ ಎಂದು ಲಿಂಗರಾಜುವನ್ನು ಕೇಳಬೇಕೆನಿಸಿತು ಭೀಮಸೇನನಿಗೆ.

ಧನುಷ್ ಬಂದು ತಲೆಬಾಗಿದ. "ಥ್ಯಾಂಕ್ಸ್ ಸರ್. ನೀವು ಕಳಿಸ್ದೆ ಇದ್ದಿದ್ರೆ ಅಲ್ಲಿ ಬೆಂಚಲ್ಲೇ ಕೂತಿರ್ತಿದ್ದೆ."

"ಅನೂಪ್ ಎಲ್ಲಪ್ಪಾ?"

"ಹಾಸ್ಟೆಲ್‌ನಲ್ಲಿದಾನೆ ಸರ್. ಆಡೋದು ಬಿಟ್ಬಿಟ್ಟ."

ಮೈದಾನದ ಹಿಂದೆಯೇ ಕಂಪನಿಯ ಹಾಸ್ಟೆಲ್. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅನೂಪ್ ಗಾಬರಿಯಿಂದ ಬಾಗಿಲು ತೆಗೆದ. "ಸುಮಿಮಾಸೆನ್... ಸಾರಿ, ಬನ್ನಿ ಸರ್. ರೂಮ್ ನೀಟಾಗಿಲ್ಲ."

ಯಾಕೆ ಬಿಟ್ಟೆ ಎಂದಾಗ ಅವನು ಒಣಗಿದ್ದ ಅಂಗಿಯೊಂದನ್ನು ಕೈಗೆತ್ತಿಕೊಂಡ. ಹೋದ ವರ್ಷ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಅವನ ತಂದೆ ಕೊರೊನಾದಿಂದ ತೀರಿಕೊಂಡಿದ್ದರು. ಆಗ ಇಂಡಿಯಾಗೆ ಹೋದರೆ ಜಪಾನಿಗೆ ವಾಪಸು ಬರುವ ಹಾಗಿರಲಿಲ್ಲ.

"ಎಲ್ಲಾ ಫೋನಲ್ಲೇ ನೋಡ್ದೆ ಸರ್. ಇದೇ ಮಂಚದ ಮೇಲೆ ಕೂತ್ಕೊಂಡು. ಆಮೇಲೆ ಶಿಫ್ಟ್‌ಗೂ ಹೋದೆ." ಅಂಗಿಯನ್ನು ಮಡಿಸಿ ಮತ್ತೆ ಬಿಚ್ಚಿದ. "ಪ್ರಾಕ್ಟೀಸ್ ಆದ್ಮೇಲೆ ಅಪ್ಪ ಫೋನ್ ಮಾಡಿ ಎಷ್ಟು ಗೋಲು ಹಾಕ್ದೆ ಅಂತ ಕೇಳೋರು. ಈಗ ಯಾರಿಗೆ ಹೇಳೋದು?"

ಭೀಮಸೇನನಿಗೆ ಈ ಸುದ್ದಿಯೇ ತಲುಪಿರಲಿಲ್ಲ. "ನಿನ್ನ ಕಳಿಸಬಾರದಿತ್ತು ಕಣೋ. ಅಲ್ಲಾಗಿದ್ರೆ ನಾನಾದ್ರೂ ಜೊತೆಗಿರ್ತಿದ್ದೆ."

"ಅಲ್ಲಿದ್ದಿದ್ರೂ ಅಪ್ಪ ಹೋಗ್ತಿದ್ರು ಸರ್. ಅಲ್ಲಿಂದ್ಲೂ ನಂಗೆ ಹೋಗೋಕೆ ಆಗ್ತಿರ್ಲಿಲ್ಲ." ಅಂಗಿಯನ್ನು ಬದಿಗಿಟ್ಟು ಕೇಳಿದ, "ಗ್ರೌಂಡಲ್ಲಿ ಆ ಡೀಲ್ ಬಗ್ಗೆ ಮಾತು ಬಂದಿರ್ಬೇಕಲ್ವಾ? ನನ್ನ ಹೆಸರು ಯಾರಾದ್ರೂ ಎತ್ತಿದ್ರಾ?"

ಎತ್ತಿದ್ರು ಎಂದು ಸುಳ್ಳು ಹೇಳಬಹುದಿತ್ತು. "ಇಲ್ಲಪ್ಪಾ," ಎಂದ ಭೀಮಸೇನ.

"ಒಳ್ಳೇದಾಯ್ತು ಬಿಡಿ. ಊಟ ಮಾಡ್ಕೊಂಡು ಹೋಗಿ ಸರ್, ಹುಳಿ ಮಾಡಿದೀನಿ."

ಅಷ್ಟರಲ್ಲಿ ಲಿಂಗರಾಜು ಫೋನ್ ಮಾಡಿ ಬಸ್ಸು ಹೊರಡುತ್ತಿದೆ ಎಂದ. "ನೀವು ಹೋಗಿ, ನಾನು ಟ್ರೇನಲ್ಲಿ ಬರ್ತೀನಿ," ಎಂದು ಭೀಮಸೇನ ಫೋನ್ ಇಟ್ಟ.

ಇಬ್ಬರೂ ನೆಲದ ಮೇಲೆ ಕೂತು ಉಂಡರು. ಹಾಕಿಯ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಅನೂಪ್ ಎರಡನೆಯ ಸಲ ಅನ್ನ ಬಡಿಸಲು ಬಂದಾಗ ಭೀಮಸೇನ ಬೇಡವೆನ್ನಲಿಲ್ಲ.