ಮೊಳೆಗೆ ನೇತುಹಾಕಿದ ಫೋನು

ಆನೆಗಿಂತ ಅಪ್‌ಡೇಟಿಗೆ ಹೆಚ್ಚು ಹೆದರುವವಳು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇಂಚರಾ ಒಬ್ಬಳೇ ಇರಬೇಕು. ಆನೆ ಬಂದರೆ ಹಲಸಿನ ಹಣ್ಣು ತಿಂದು, ನಾಲ್ಕು ಕಾಫಿ ಗಿಡ ಮುರಿದು, ಮುಂದಿನ ತೋಟಕ್ಕೆ ಹೋಗುತ್ತದೆ. ಅಪ್‌ಡೇಟ್ ಬಂದರೆ ಹೋಗುವ ಮಾತೇ ಇಲ್ಲ. ಬಂದದ್ದು ಸಾಲದು ಎಂದು ತನ್ನ ಅಣ್ಣತಮ್ಮಂದಿರನ್ನೂ ಕರೆಸಿಕೊಳ್ಳುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಅವಳು ನೋಡಿಕೊಳ್ಳುತ್ತಿದ್ದ ಆ್ಯಪಿನ ಹೆಸರು ‘ಆನೆಗಂಟೆ’. ಕಾವಲಿನವರು ಎಲ್ಲಿ ಆನೆ ಕಂಡರೂ ಒಂದು ಗುಂಡಿ ಒತ್ತುತ್ತಾರೆ. ಆ ಸುತ್ತಿನ ತೋಟಗಳ ಫೋನುಗಳೆಲ್ಲ ಸೈರನ್ನಿನಂತೆ ಕೂಗಿಕೊಳ್ಳುತ್ತವೆ. ಅಷ್ಟೇ ಕೆಲಸ. ಇದನ್ನು ಶುರು ಮಾಡಿದವನು ಅವಳ ಕಾಲೇಜಿನ ಗೆಳೆಯ ವಿಘ್ನೇಶ, ಈಗ ಚಿಕ್ಕಮಗಳೂರಿನಲ್ಲಿ ಆಫೀಸು ಇಟ್ಟುಕೊಂಡಿದ್ದಾನೆ. ಕಟ್ಟುವಾಗ ಕೈಹಾಕಿದವರು ಬೇಕಾದಷ್ಟು ಜನ. ಕಾಯುವ ಕೆಲಸ ಮಾತ್ರ ಇಂಚರಾಳ ತಲೆಗೇ ಬಂತು.

ಆ ಆ್ಯಪಿನಲ್ಲಿ ಮುಕ್ಕಾಲು ಪಾಲು ಅವಳು ಬರೆದದ್ದೇ ಅಲ್ಲ. ಯಾರೋ ಎಲ್ಲೋ ಬರೆದಿಟ್ಟ ಸಿದ್ಧ ತುಣುಕುಗಳು, ಅವಳ ಕಸುಬಿನ ಮಾತಿನಲ್ಲಿ ಲೈಬ್ರರಿಗಳು. ಭೂಪಟ ತೋರಿಸುವುದಕ್ಕೆ ಒಂದು, ಸಂದೇಶ ತಲುಪಿಸುವುದಕ್ಕೆ ಒಂದು, ಜೋರಾಗಿ ಕೂಗಿಸುವುದಕ್ಕೆ ಇನ್ನೊಂದು. ಒಂದೊಂದಕ್ಕೂ ಒಂದೊಂದು ಬಿಗುಮಾನ. ಭೂಪಟದ ಲೈಬ್ರರಿ ಹೊಸ ಆಂಡ್ರಾಯ್ಡ್ ಇದ್ದರೆ ಮಾತ್ರ ಬರುತ್ತೇನೆ ಎನ್ನುತ್ತದೆ, ಕೂಗಿಸುವುದು ಹಳೆಯದನ್ನು ಬಿಟ್ಟು ಅಲ್ಲಾಡುವುದಿಲ್ಲ ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ! ಮುನಿಸಿಕೊಂಡ ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಈ ಕೆಲಸ ಮಾಡಿ ಮಾಡಿ ಇಂಚರಾಳಿಗೆ ನಿಜವಾಗಿ ಸಾಕಾಗಿ ಹೋಗಿತ್ತು.

ಹಲಸು ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮತ್ತೊಂದು ಅಪ್‌ಡೇಟ್ ವಕ್ಕರಿಸಿತು. ಸಂದೇಶ ತಲುಪಿಸುವ ಲೈಬ್ರರಿಯ ಹಳೆಯ ಆವೃತ್ತಿ ತಿಂಗಳ ಕೊನೆಗೆ ನಿಂತುಹೋಗುತ್ತದಂತೆ. ಹೊಸದನ್ನು ಹಾಕದಿದ್ದರೆ ಎಲ್ಲ ಫೋನುಗಳೂ ಮೂಕವಾಗುತ್ತವೆ. ಹಾಕಿದರೆ ಹಳೆಯ ಫೋನುಗಳು ಮೂಕವಾಗುತ್ತವೆ, ಯಾಕೆಂದರೆ ಹೊಸದು ಅವುಗಳ ಮೇಲೆ ಓಡುವುದೇ ಇಲ್ಲ.

“ಅಂಥ ಹಳೇ ಫೋನು ಎಷ್ಟಿದಾವೆ?” ಎಂದು ವಿಘ್ನೇಶ ಫೋನಿನಲ್ಲಿ ಕೇಳಿದ.

“ನೂರಕ್ಕೆ ಮೂರೂ ಇಲ್ಲ.”

“ಮತ್ತೆಂತ ತಲೆಬಿಸಿ ಮಾರಾಯ್ತಿ? ಯಾರ್ಯಾರೋ ಬಿಟ್ಟಿರೋ ಒಳ್ಳೇ ಫೋನು ಒಟ್ಟು ಮಾಡಿ ಅವ್ರಿಗೆ ಕೊಟ್ರಾಯ್ತು.”

“ಹಳೇದಕ್ಕೇ ಅಂತ ಬೇರೆ ಒಂದು ಆ್ಯಪ್ ಮಾಡ್ಬಹುದು ವಿಘ್ನೇಶ. ಈ ಲೈಬ್ರರಿ ಸಹವಾಸವೇ ಬೇಡ. ಫೋನೇ ಆಗಾಗ ಹೋಗಿ, ಆನೆ ಸುದ್ದಿ ಇದ್ಯಾ ಅಂತ ಕೇಳ್ಕೊಂಡು ಬರೋ ಥರ.”

“ಎರಡೆರಡು ಆ್ಯಪ್! ಒಂದು ಬದಲಾವಣೆ ಎರಡು ಕಡೆ ಮಾಡ್ಬೇಕು. ಯಾರು ನೋಡ್ಕೊಳ್ತಾರೆ, ನೀನಾ?”

ಫೋನು ಕೊಟ್ಟರಾಯಿತು ಎಂದು ಅವನು ಅಂದಾಗ ಇಂಚರಾಳಿಗೆ ಆದ ಸಮಾಧಾನ ಎಷ್ಟೆಂದರೆ, ಅದರ ಬಗ್ಗೆ ಅವಳಿಗೇ ನಾಚಿಕೆಯಾಯಿತು. ಆದರೂ ಒಪ್ಪಿಕೊಂಡಳು. ದಣಿದವರಿಗೆ ಯಾವ ದಾರಿ ಹತ್ತಿರವೋ ಅದೇ ಸರಿಯಾದ ದಾರಿ.

ಬಾಳೂರಿನ ಮೇಲಿನ ಲೈನಿಗೆ ಫೋನು ಕೊಡಲು ಅವಳೇ ಹೋದಳು. ಸಾಲುಮನೆಯ ಆ ಕೂಲಿ ಲೈನಿನಲ್ಲಿ ಸಿಗ್ನಲ್ ಸಿಗುವುದು ಭಾಗಮ್ಮನ ಅಡುಗೆಮನೆ ಬಾಗಿಲಲ್ಲಿ ಮಾತ್ರ. ಆ ಬಾಗಿಲ ದಾರಂದಕ್ಕೆ ಒಂದು ಮೊಳೆ, ಮೊಳೆಗೆ ಒಂದು ಬಟ್ಟೆ ಚೀಲ, ಚೀಲದಲ್ಲಿ ಒಲೆಯ ಹೊಗೆ ಕುಡಿದು ಕಪ್ಪಾದ ಫೋನು. ತೋಟದಲ್ಲಿ ಫೋನುಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ಸಾಹುಕಾರರು ಹೊಸದು ತಂದರೆ ಅವರ ಹಳೆಯದು ಲೆಕ್ಕ ಬರೆಯುವ ರೈಟರಿಗೆ, ರೈಟರದ್ದು ಮೇಸ್ತ್ರಿ ಬೊಮ್ಮಯ್ಯನಿಗೆ, ಬೊಮ್ಮಯ್ಯನದ್ದು ಲೈನಿಗೆ. ಹೀಗಾಗಿ ತೋಟದ ಅತಿ ಹಳೆಯ ಫೋನು, ಬೆಳಗ್ಗೆ ಎಲ್ಲರಿಗಿಂತ ಮೊದಲು ಸೊಪ್ಪು ತರಲು ತೋಟಕ್ಕೆ ಇಳಿಯುವ ಭಾಗಮ್ಮನ ಪಾಲಿಗೆ ಬಂದಿತ್ತು.

“ಇದು ನಿಮ್ಗೆ ಭಾಗಮ್ಮ. ಇನ್ಮೇಲೆ ಇದ್ರಲ್ಲೇ ಗಂಟೆ ಹೊಡೀತದೆ,” ಎಂದು ಹೇಳಿ ಇಂಚರಾ ಹೊಸ ಫೋನಿಗೆ ಹೊಸ ಸಿಮ್ ಹಾಕಿ ಅದನ್ನು ಲೈನಿನ ಹೆಸರಿಗೆ ಸೇರಿಸಿದಳು.

ಭಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. “ಅಯ್ಯೋ ದೇವ್ರೇ, ಇಷ್ಟು ಚೆನ್ನಾಗಿರೋದಾ! ಕಾಫಿ ಕುಡ್ಕೊಂಡೇ ಹೋಗ್ಬೇಕು ಅಮ್ಮ ನೀವು.”

ಇನ್ನೂ ಎಷ್ಟೋ ಲೈನುಗಳಿಗೆ ಹೋಗಬೇಕಿತ್ತು. ಹಳೆಯ ಫೋನಿನಿಂದ ಆ್ಯಪನ್ನು ತೆಗೆಯಬೇಕೆಂದು ನೆನಪಾಯಿತು. ಇರಲಿ, ಹೇಗೂ ಮೂಲೆ ಸೇರುವ ಫೋನು ಎಂದುಕೊಂಡು ಇಂಚರಾ ಸ್ಕೂಟಿ ಹತ್ತಿದಳು.

ತಿಂಗಳು ಮುಗಿಯಿತು. ಹೊಸ ಲೈಬ್ರರಿ ಬಂತು, ಆ್ಯಪ್ ಸುಸೂತ್ರವಾಗಿ ಓಡಿತು. ಇಂಚರಾ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಹಾಗೇ ಒಂದು ಬೆಳಗ್ಗೆ, ಬಾಳೂರಿನ ಮೇಲಿನ ಲೈನಿನ ಹತ್ತಿರ ಒಂಟಿ ಸಲಗ ಇಳಿದಿದೆ ಎಂದು ಕಾವಲಿನವರು ಗುಂಡಿ ಒತ್ತಿದರು. ಪರದೆಯ ಮೇಲೆ ಹೆಸರುಗಳ ಮುಂದೆ ಹಸಿರು ಗುರುತು ಬೀಳತೊಡಗಿತು. ಮೇಲಿನ ಲೈನ್: ತಲುಪಿದೆ. ಅವಳು ಚಹಾ ಲೋಟ ಎತ್ತಿಕೊಂಡು ಸುಮ್ಮನೆ ಭೂಪಟ ನೋಡಿದಳು. ಮೇಲಿನ ಲೈನಿನ ಚುಕ್ಕೆ ಬಾಳೂರಿನಲ್ಲಿ ಇರಲಿಲ್ಲ. ಅದು ಗುಡ್ಡ ದಾಟಿ ಕಳಸದಲ್ಲಿ ಹೊಳೆಯುತ್ತಿತ್ತು.

ಆ ನಂಬರಿಗೇ ಫೋನು ಮಾಡಿದಳು. ಎತ್ತಿದವಳು ಕಳಸದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಭಾಗಮ್ಮನ ಮಗಳು ಸೌಂದರ್ಯ.

“ಈ ಫೋನು ನಿನ್ನತ್ರ ಯಾಕಿದೆ ಸೌಂದರ್ಯ?”

“ಅಮ್ಮನೇ ಕೊಟ್ಳು ಅಕ್ಕ. ಹೊಸ ಫೋನು ಒಲೆ ಪಕ್ಕ ಯಾರು ನೇತು ಹಾಕ್ತಾರೆ, ನೀನು ಓದ್ಕೋ ಅಂದ್ಳು. ಈಗಷ್ಟೇ ಕೂಗ್ತು ನೋಡಿ, ಹಾಸ್ಟೆಲೆಲ್ಲ ಎದ್ದು ನಿಂತ್ಬಿಡ್ತು. ಹಳೇದು ಮೊಳೇಲೇ ಇದ್ಯಲ್ಲ, ಅದ್ರಲ್ಲೂ ಗಂಟೆ ಚಿತ್ರ ಉಂಟಲ್ಲಕ್ಕ?”

ಇತ್ತು. ಚಿತ್ರ ಇತ್ತು, ಗಂಟೆ ಇರಲಿಲ್ಲ.

ಇಂಚರಾ ಹಳೆಯ ನಂಬರು ಒತ್ತಿದಳು. ಆ ಫೋನು ಕೂಗದಿದ್ದರೂ ಕರೆ ಹೋಗುತ್ತಿತ್ತು. ಬಹಳ ಹೊತ್ತು ಬಡಿದುಕೊಂಡ ಮೇಲೆ ಪಕ್ಕದ ಮನೆಯ ದ್ಯಾವಮ್ಮ ಎತ್ತಿದಳು.

“ಭಾಗಮ್ಮ ಎಲ್ಲಿ?”

“ಈಗಷ್ಟೇ ಸೊಪ್ಪಿಗೆ ಇಳಿದ್ಲಲ್ಲಮ್ಮ.”

“ಸಲಗ ಬಂದಿದೆ ದ್ಯಾವಮ್ಮ! ಕೂಗಿ ಕರೀರಿ, ಬೇಗ!”

ದ್ಯಾವಮ್ಮ ಫೋನನ್ನು ಹಾಗೇ ಬಿಟ್ಟು ಓಡಿರಬೇಕು. ಇಂಚರಾಳ ಕಿವಿಗೆ ತಟ್ಟೆ ಬಡಿಯುವ ಸದ್ದು, ಯಾರ್ಯಾರದೋ ಕೂಗು ಕೇಳಿಸಿತು. ಆಮೇಲೆ ಮರ ಮುರಿದಂತೆ ಒಂದು ಸದ್ದು. ಆಮೇಲೆ ಕರೆ ಕಡಿದು ಹೋಯಿತು. ಅವಳು ಕೋಣೆಯ ನಡುವೆ ನಿಂತು ದೊಡ್ಡ ದನಿಯಲ್ಲಿ ಅತ್ತಳು. ಕೆಳಗಿನ ಟೈರ್ ಅಂಗಡಿಯವನು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದ.

ಭಾಗಮ್ಮ ಸಾಯಲಿಲ್ಲ. ಸಲಗವನ್ನು ಎದುರಿಗೇ ಕಂಡು ತೋಟದಂಚಿನ ಎತ್ತರದ ದರೆಯಿಂದ ಕೆಳಕ್ಕೆ ಹಾರಿದ್ದಳು. ತೊಡೆಯ ಎಲುಬು ಮುರಿದಿತ್ತು. ಅವಳು ಬಿಟ್ಟು ಹಾರಿದ ಸೊಪ್ಪಿನ ಹೊರೆಯನ್ನು ಆನೆ ತುಳಿದು ನೆಲಕ್ಕೆ ಅರೆದುಬಿಟ್ಟಿತ್ತು.

ಮೂಡಿಗೆರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. “ಮೊದ್ಲೆಲ್ಲ ತೋಟದ ಬಾಯಲ್ಲಿ ಒಂದ್ಗಳಿಗೆ ನಿಂತು, ಕಿವಿಗೊಟ್ಟು, ವಾಸ್ನೆ ನೋಡಿ ಇಳೀತಿದ್ದೆ ಅಮ್ಮ. ನಿಮ್ಮ ಗಂಟೆ ಬಂದ್ಮೇಲೆ ಅದನ್ನ ಬಿಟ್ಬಿಟ್ಟಿದ್ದೆ. ಫೋನು ಸುಮ್ನಿತ್ತಲ್ಲ, ಆನೆ ಇಲ್ಲ ಅಂತ ಹೋದೆ,” ಎಂದಳು.

ಬೈದಿದ್ದರೆ ಇಂಚರಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಮ್ಮ ಕಡೆಯಿಂದ ತಲುಪಿದೆ ಅಂತಲೇ ಇದೆ. ನಮ್ದೇನೂ ತಪ್ಪಿಲ್ಲ,” ಎಂದ ವಿಘ್ನೇಶ ಫೋನಿನಲ್ಲಿ.

“ತಲುಪಿದ್ದು ಕಳಸಕ್ಕೆ ಮಾರಾಯ! ಹಳೇ ಫೋನಿಗೆ ಬೇರೆ ಆ್ಯಪ್ ಮಾಡ್ತಿದೀನಿ.”

“ಎರಡನ್ನೂ ಯಾರು...”

“ನಾನೇ. ಇನ್ಯಾರು ಮಾಡ್ತಾರೆ?”

ಹೇಳಿದಷ್ಟು ಸುಲಭ ಇರಲಿಲ್ಲ. ಹೊಸ ಸಲಕರಣೆಗಳು ಹಳೆಯ ಆಂಡ್ರಾಯ್ಡಿಗೆ ಆ್ಯಪ್ ಕಟ್ಟಿಕೊಡುವುದಿಲ್ಲ ಎಂದವು. ಹಳೆಯ ಸಲಕರಣೆ ಹುಡುಕಿ ತಂದರೆ ಅದಕ್ಕೆ ಇನ್ನೂ ಹಳೆಯದೊಂದು ಬೇಕು. ಅದನ್ನು ಬರೆದವನು ಯಾವ ಕಾಲದಲ್ಲೋ ಕೈ ತೊಳೆದುಕೊಂಡಿದ್ದ. ಇಂಚರಾ ಭೂಪಟ ಕಿತ್ತು ಹಾಕಿದಳು, ಬಣ್ಣ ಕಿತ್ತು ಹಾಕಿದಳು, ಕೂಗು ಒಂದನ್ನು ಉಳಿಸಿಕೊಂಡಳು. ಸಂತೋಷವೇನೂ ಆಗಲಿಲ್ಲ. ಇನ್ನು ಈ ಎರಡೂ ತನ್ನ ಕೊರಳಿಗೇ ಎಂದು ಗೊತ್ತಿತ್ತು.

ಭಾಗಮ್ಮ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಇಂಚರಾ ಮೇಲಿನ ಲೈನಿಗೆ ಹೋದಳು. ಹೊಸ್ತಿಲ ಮೇಲೆ ಕೂತು, ಹೊಗೆ ಹಿಡಿದ ಫೋನಿಗೆ ಲ್ಯಾಪ್‌ಟಾಪಿನಿಂದ ವೈರು ಸಿಕ್ಕಿಸಿ, ಹೊಸ ಗಂಟೆ ಹಾಕಿ, ಮತ್ತೆ ಮೊಳೆಗೆ ನೇತುಹಾಕಿದಳು. ಪರೀಕ್ಷೆಗೆಂದು ತಾನೇ ಒಂದು ಆನೆ ಸುದ್ದಿ ಕಳಿಸಿದಳು. ಫೋನು ಹೋಗಿ ಕೇಳಿಕೊಂಡು ಬರಲು ಸ್ವಲ್ಪ ಹೊತ್ತು ಬೇಕು. ಕಾಯುತ್ತ ಹೊಸ್ತಿಲಲ್ಲೇ ಕೂತು ದಾರಂದಕ್ಕೆ ಒರಗಿದವಳಿಗೆ ಆಯಾಸದಲ್ಲಿ ಹಾಗೇ ಕಣ್ಣು ಮುಚ್ಚಿತು. ಇದು ಬರೀ ಪರೀಕ್ಷೆ ಎಂದು ಯಾರಿಗೂ ಹೇಳಿರಲಿಲ್ಲ.

ತಲೆಯ ಮೇಲೇ ಫೋನು ಕಿರುಚಿಕೊಂಡಾಗ ಅವಳು ಬೆಚ್ಚಿ ಕಣ್ಣು ಬಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ, ಕಾಲಿಗೆ ಪಟ್ಟಿ ಹಾಕಿಸಿಕೊಂಡು ಚಾಪೆಯ ಮೇಲಿದ್ದ ಭಾಗಮ್ಮ ಗಂಟಲು ಹರಿಯುವಂತೆ ಕೂಗಲು ಶುರು ಮಾಡಿದಳು.

“ದ್ಯಾವಮ್ಮಾ, ಒಳಗೆ ಬಾರೇ! ಭೂತಯ್ಯಾ, ಮಕ್ಳನ್ನ ಎತ್ಕೋ! ದೇವೀರಮ್ಮಾ, ನೀರಿನ ಹತ್ರ ಯಾರಿದಾರೆ ನೋಡು! ಬಸಪ್ಪಾ! ಗಿರಿಜಾ! ಪುಟ್ಟಿ ಎಲ್ಲಿ, ಪುಟ್ಟೀ...”

ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಬಟ್ಟೆ ಒಗೆಯುತ್ತಿದ್ದವರು ಒದ್ದೆ ಕೈಯಲ್ಲೇ ಓಡಿ ಬಂದರು. ಮುದುಕರನ್ನು ರಟ್ಟೆ ಹಿಡಿದು ಎಳೆತಂದರು. ಹೆಸರುಗಳು ಮುಗಿಯುತ್ತಲೇ ಇರಲಿಲ್ಲ. ಇಂಚರಾಳ ಲೆಕ್ಕದಲ್ಲಿ ಇವರೆಲ್ಲ ಸೇರಿ ಒಂದು ಫೋನು.

ಪರೀಕ್ಷೆ ಎಂದು ಹೇಳಬೇಕಿತ್ತು. ಅವಳು ಆ ಹೆಸರುಗಳನ್ನು ಎಣಿಸುತ್ತ ಕೂತುಬಿಟ್ಟಳು. ಅಷ್ಟರಲ್ಲಿ ಎಲ್ಲರ ಹೆಸರೂ ಕೂಗಿ ಮುಗಿಸಿದ್ದ ಭಾಗಮ್ಮ ಚಾಪೆಯಿಂದಲೇ ಕೈ ಚಾಚಿ ಅವಳ ಸೆರಗು ಹಿಡಿದು ಎಳೆದಳು.

“ನೀವೆಂತ ಹೊಸ್ತಿಲಲ್ಲಿ ಕೂತ್ರಿ ಇಂಚರಮ್ಮ? ಗಂಟೆ ಕೇಳಿಲ್ವಾ? ಒಳಗೆ ಬನ್ನಿ!”

ಇಂಚರಾ ಒಳಗೆ ಹೋದಳು.