ಬ್ರೇಕಿನ ಮೇಲಿನ ಮಣೆ

ಮಾಂಬಳ್ಳಿಯ ಪುಟ್ಟಮಲ್ಲಪ್ಪನವರು ಹರಾಜಿನಲ್ಲಿ ಹಿಡಿದು ತಂದ ಮಿಲಿಟರಿ ಜೀಪಿಗೆ ಆ ಮನೆಯಲ್ಲಿದ್ದ ಮರ್ಯಾದೆ ಅವರ ಹೆಂಡತಿ ಗುರುಬಸಮ್ಮನಿಗೂ ಇರಲಿಲ್ಲ. ಜೀಪು ಬಂದ ವಾರದಲ್ಲೇ, ಪಾದಪೂಜೆಗೆ ದಯಮಾಡಿಸಿದ್ದ ಮಠದ ಸ್ವಾಮಿಗಳ ಕೈಲಿ ಅದಕ್ಕೆ ವಿಭೂತಿ ಹಚ್ಚಿಸಿದರು. ಸ್ವಾಮಿಗಳು ಬಾನೆಟ್ಟಿಗೆ ಹಚ್ಚಿ ಸುಮ್ಮನಾಗುತ್ತಿದ್ದರೇನೋ. "ಪ್ರಾಣ ಕಾಯದು ಇದೇಯ, ಬುದ್ಧಿ," ಎಂದು ಪುಟ್ಟಮಲ್ಲಪ್ಪನವರೇ ಬ್ರೇಕ್ ಪೆಡಲು ತೋರಿಸಿ ಅದಕ್ಕೂ ಮೂರು ಬೆರಳು ಎಳೆಸಿದರು.

ಸ್ವಾಮಿಗಳು ಅತ್ತ ಹೋದರು, ಇತ್ತ ತೊಡಕು ಶುರುವಾಯಿತು. ಗುರುಗಳ ಕೈ ಮುಟ್ಟಿದ್ದನ್ನು ಕಾಲಲ್ಲಿ ತುಳಿಯುವುದು ಹೇಗೆ? ತುಳಿಯದೆ ಜೀಪು ನಿಲ್ಲಿಸುವುದು ಹೇಗೆ? ಇಂಥದ್ದಕ್ಕೆಂದೇ ಹೇಳಿ ಮಾಡಿಸಿದ ತಲೆ ಪುಟ್ಟಮಲ್ಲಪ್ಪನವರದು. ಊಟಕ್ಕೆ ಕೂರುವ ಹಲಸಿನ ಮಣೆಯೊಂದನ್ನು ಅರ್ಧಕ್ಕೆ ಕೊಯ್ಯಿಸಿ, ಪೆಡಲಿನ ಮೇಲಿಟ್ಟು ಹಗ್ಗ ಬಿಗಿದರು. ಕಾಲು ಮಣೆಯ ಮೇಲೆ, ಮಣೆ ವಿಭೂತಿಯ ಮೇಲೆ. ಪಾಪ ಬರುವುದಾದರೆ ಮಣೆಗೆ ಬರಲಿ.

ಅವತ್ತಿನಿಂದ ಜೀಪು ಹೊಸ ಚಾಳಿ ಕಲಿಯಿತು. ನಿಲ್ಲಲೆಂದು ತುಳಿದರೆ ಗುರ್ರೆಂದು ಮುಂದಕ್ಕೆ ನುಗ್ಗುತ್ತಿತ್ತು. ಯಳಂದೂರಿನ ಸಂತೆಯಲ್ಲಿ ಬದನೆಕಾಯಿ ರಾಶಿ ಹೋಯಿತು, ಮನೆಯ ಹುಲ್ಲಿನ ಮೆದೆ ಹೋಯಿತು. ಕೊಳ್ಳೇಗಾಲದ ಮೆಕ್ಯಾನಿಕ್ ಮುತ್ತಯ್ಯನ ಹತ್ತಿರ ಓಡಾಡಿದ್ದಂತೂ ಲೆಕ್ಕವಿಲ್ಲ. ಅಲ್ಲಿ ಪುಟ್ಟಮಲ್ಲಪ್ಪನವರು ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ಕಂಡಕಂಡವರು ಕಾಲಿಡುವ ಜಾಗವೇ ಅದು? ಇಂಜಿನ್ ಆರಿಸಿ, ಮುತ್ತಯ್ಯನನ್ನು ಜೀಪಿನ ಅಡಿಗೆ ತೂರಿಸಿ, ಮೇಲಿಂದ ತಾವೇ ತುಳಿದು ತೋರಿಸುತ್ತಿದ್ದರು.

"ಬ್ರೇಕು ಸರ್ಯಾಗೇ ಇಡೀತದಲ್ಲ ಸಾ," ಎನ್ನುತ್ತಿದ್ದ ಮುತ್ತಯ್ಯ. ಬಂದವರನ್ನು ಸುಮ್ಮನೆ ಕಳಿಸಬಾರದೆಂದು ಒಂದು ನಟ್ಟು ಬಿಗಿಯುತ್ತಿದ್ದ. ಮುಂದಿನ ಸಲ ಅದೇ ನಟ್ಟನ್ನು ಸಡಿಲಿಸುತ್ತಿದ್ದ.

"ಅಂಗಾರೆ ಯಾರ್ದೋ ಕಣ್ಣು ಬಿದ್ದದೆ ಕಣ್ಲಾ," ಎಂದು ಪುಟ್ಟಮಲ್ಲಪ್ಪನವರು ಜೀಪಿನ ಹಿಂದಕ್ಕೆ ಇನ್ನೊಂದು ಹಳೇ ಚಪ್ಪಲಿ ಕಟ್ಟಿಸಿಕೊಂಡು ಊರಿಗೆ ಮರಳುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ, ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಚನ್ನಾಜಮ್ಮನಿಗೆ ನೋವು ಕಾಣಿಸಿತು. ಮಗು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ರಂಗಮ್ಮ ಕೈಚೆಲ್ಲಿದಳು. ಕಾಮಗೆರೆಯ ಆಸ್ಪತ್ರೆಗೆ ಬೇಗ ಸೇರಿಸದಿದ್ದರೆ ಎರಡು ಜೀವವೂ ಇಲ್ಲ. ಜೀಪಿನ ಹಿಂದುಗಡೆ ರಂಗಮ್ಮನ ತೊಡೆಯ ಮೇಲೆ ಮಗಳನ್ನು ಮಲಗಿಸಿ, ಗುರುಬಸಮ್ಮ ಗಂಡನ ಪಕ್ಕ ಕೂತಳು.

ಕೊಳ್ಳೇಗಾಲ ದಾಟಿದ ಮೇಲೆ ಇಳಿಜಾರಿನಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಬಂತು. ಪುಟ್ಟಮಲ್ಲಪ್ಪನವರು ತುಳಿದರು. ಜೀಪು ಗರ್ಜಿಸಿ ರಸ್ತೆ ಬಿಟ್ಟು, ರಾಗಿ ಹೊಲಕ್ಕೆ ನುಗ್ಗಿ, ಬದುವಿಗೆ ತಗುಲಿ ಆರಿಹೋಯಿತು. ಹಿಂದಿನಿಂದ ಮಗಳ ನರಳಾಟ ಕೇಳಿತು.

"ನಿಮ್ಮ ಮಣೆ ಪಕ್ಕದ ಪೆಡ್ಲುನೂವೆ ತುಳೀತದೆ ಕಣ್ರೀ," ಎಂದಳು ಗುರುಬಸಮ್ಮ. ನಿಜವೇ. ಪೆಡಲಿಗಿಂತ ಅಗಲವಾದ ಮಣೆಯ ಅಂಚು ಆಕ್ಸಿಲರೇಟರಿನ ಮೇಲೆ ಕೂತಿತ್ತು. "ಅದ ಕಿತ್ತಾಕಿ, ಒರಡಿ."

"ಗುರುಗೊಳು ಮುಟ್ಟಿರದ್ನ ಬರೀ ಕಾಲಲ್ಲಿ ತುಳೀಲಾ?" ಪುಟ್ಟಮಲ್ಲಪ್ಪನವರು ಸ್ಟೇರಿಂಗ್ ಹಿಡಿದು ಯೋಚನೆಗೆ ಕೂತರು. "ಮಠಕ್ಕೆ ಯಾರ್ನಾರ ಕಳ್ಸಿ ಒಂದ್ ಮಾತು ಕೇಳ್ಸನ?"

ಗುರುಬಸಮ್ಮ ಬಗ್ಗಿ ಹಗ್ಗ ಬಿಚ್ಚಿ, ಮಣೆಯನ್ನು ರಾಗಿ ಪೈರಿಗೆ ಎಸೆದಳು. "ನೀವು ತುಳೀದಿದ್ರೆ ಇಳೀರಿ. ನಾ ತುಳೀತೀನಿ."

ಹೆಂಡತಿಗೆ ಜೀಪು ಓಡಿಸಲು ಬಾರದೆಂಬುದು ಅವರಿಗೆ ಗೊತ್ತಿತ್ತು. ಓಡಿಸಿಯೇ ತೀರುತ್ತಾಳೆಂಬುದೂ ಗೊತ್ತಿತ್ತು. ಶಿವ ಶಿವಾ ಎನ್ನುತ್ತ ಕಾಮಗೆರೆಯವರೆಗೂ ಬರಿಗಾಲಲ್ಲೇ ತುಳಿದರು. ಜೀಪು ನಿಲ್ಲಬೇಕಾದ ಕಡೆಯೆಲ್ಲ ನಿಂತಿತು.

ಗಂಡು ಮಗು. ತಾಯಿಯೂ ಉಳಿದಳು. ಹಾಸಿಗೆಯ ಹತ್ತಿರ ಹೋದ ಪುಟ್ಟಮಲ್ಲಪ್ಪನವರಿಗೆ ಸಂತೋಷ ತಡೆಯಲಾಗಲಿಲ್ಲ. "ಗುರುಗೊಳ್ನ ಕರ್ಸಿ ಕೂಸಿನ ತಲೆ ಮ್ಯಾಲೆ ಕೈ ಮಡಗ್ಸನ ಕಣವ್ವ," ಎಂದು ಮಗುವಿಗೆ ಕೈ ಚಾಚಿದರು.

ಚನ್ನಾಜಮ್ಮ ಮಗುವನ್ನು ಎದೆಗವಚಿಕೊಂಡಳು. "ನನ್ ತಲೆ ಮ್ಯಾಲೂ ಅವ್ರೇ ಕೈ ಮಡಗಿದ್ರು ಅಪ್ಪಯ್ಯ. ಆದ್ರೂ ಬ್ರೇಕ್ ತುಳೀಲಾ ಬ್ಯಾಡ್ವಾ ಅಂತ ನೀವು ರಾಗಿ ಒಲದಲ್ಲಿ ಯೋಚ್ನೆ ಮಾಡ್ಕಂಡು ಕುಂತಿದ್ರಿ."

ಪುಟ್ಟಮಲ್ಲಪ್ಪನವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.